ಪ್ಯಾಂಕ್ರಿಯಾಸ್ ನೋವಿಗೆ ಡ್ರೈನೇಜ್ ಆಪರೇಷನ್ ಅಂದಿದ್ದಾರಾ? ಹೂಂ ಅನ್ನುವ ಮುಂಚೆ, ಬೇಡ ಅನ್ನುವ ಮುಂಚೆ ಇದನ್ನು ಓದಿ

ತುಮಕೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನಿಗೆ ಕೆಲವು ಚೀಟಿ ನೋಡಿದ ಕೂಡಲೇ ಕಾಯಿಲೆ ಯಾವುದು ಅಂತ ಗೊತ್ತಾಗಿಬಿಡುತ್ತದೆ. ಪ್ಯಾಂಟೊಪ್ರಜೋಲ್, ಜೀರ್ಣಕ್ಕೆ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲು, ನೋವಿಗೆ ಪ್ರಿಗ್ಯಾಬಲಿನ್, ಟ್ರಮಡಾಲ್, ಕೆಲವರಿಗೆ ಜೊತೆಗೆ ಇನ್ಸುಲಿನ್. ಇದು ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಚೀಟಿ, ಅಂದರೆ ಮೇದೋಜೀರಕ ಗ್ರಂಥಿಯ ಬಹುಕಾಲದ ಉರಿಯೂತ. ಈ ಚೀಟಿ ಹಿಡಿದು ಬರುವವರೆಲ್ಲ ಸುತ್ತಿ ಬಳಸಿ ಕೇಳುವುದು ಒಂದೇ: "ಬೆಂಗಳೂರಿನಲ್ಲಿ ಡ್ರೈನೇಜ್ ಆಪರೇಷನ್ ಮಾಡಬೇಕು ಅಂದ್ರು ಸಾರ್, ಮಾಡಿಸಬಹುದಾ? ನೋವು ಹೋಗುತ್ತಾ? ಸ್ಟೆಂಟ್ ಹಾಕಿಸಿಕೊಂಡರೆ ಸಾಕಾಗಲ್ವಾ?"

ನಾನು ಡಾಕ್ಟರ್ ಅಲ್ಲ. ನಿಮಗೆ ಆಪರೇಷನ್ ಬೇಕೋ ಬೇಡವೋ ಅಂತ ಹೇಳಬೇಕಾದವರು ನಿಮ್ಮ ಸರ್ಜನ್. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು, ಯಾವ ಕಾಗದ ಇಟ್ಟುಕೊಂಡು ಹೋಗಬೇಕು, ಎಲ್ಲಿ ಜನ ಎಡವುತ್ತಾರೆ ಅನ್ನುವುದನ್ನು ಹೇಳಬಲ್ಲೆ.

ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಡ್ರೈನೇಜ್ ಆಪರೇಷನ್ ಅಂದರೆ ಪ್ಯಾಂಕ್ರಿಯಾಸಿನಲ್ಲಿ ಕಟ್ಟಿಕೊಂಡ ರಸಕ್ಕೆ ಕರುಳಿಗೆ ಹೊಸ ದಾರಿ ಮಾಡಿಕೊಡುವುದು, ಇದು ಇರುವುದು ನೋವಿಗೆ. ಕೆಟ್ಟುಹೋದ ಗ್ರಂಥಿ ಇದರಿಂದ ಸರಿಯಾಗುವುದಿಲ್ಲ, ಬಂದ ಸಕ್ಕರೆ ಕಾಯಿಲೆ ಹೋಗುವುದಿಲ್ಲ. ನೋವಿಗೂ ಇದು ಚೆನ್ನಾಗಿ ಕೆಲಸ ಮಾಡುವುದು ಸರಿಯಾದ ರೋಗಿಗೆ, ಸರಿಯಾದ ಸಮಯದಲ್ಲಿ ಮಾಡಿದರೆ ಮಾತ್ರ. ಮುಂದೆ ಹೇಳುವುದೆಲ್ಲ ಈ ಎರಡರ ಸುತ್ತಲೇ.

1. ಒಳಗೆ ಏನಾಗಿದೆ ಅಂತ ಮೊದಲು ತಿಳಿದುಕೊಳ್ಳಿ

ಪ್ಯಾಂಕ್ರಿಯಾಸ್ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರ. ಸುಮಾರು 15 ಸೆಂಟಿಮೀಟರ್ ಉದ್ದ. ಊಟ ಜೀರ್ಣವಾಗಲು ಬೇಕಾದ ರಸ ತಯಾರಿಸುತ್ತದೆ, ಇನ್ಸುಲಿನ್ ಕೂಡ ಇಲ್ಲಿಂದಲೇ. ಗ್ರಂಥಿಯ ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಮಧ್ಯದಲ್ಲಿ ಒಂದು ಸಣ್ಣ ನಾಳ ಓಡುತ್ತದೆ. ರಸ ಆ ನಾಳದಲ್ಲಿ ಹರಿದು ಸಣ್ಣ ಕರುಳಿನ ಮೊದಲ ಭಾಗಕ್ಕೆ ಬೀಳುತ್ತದೆ.

ವರ್ಷಗಟ್ಟಲೆ ಉರಿಯೂತ ಇದ್ದರೆ ಗ್ರಂಥಿ ಗಟ್ಟಿಯಾಗುತ್ತಾ ಹೋಗುತ್ತದೆ, ನಾಳ ಅಲ್ಲಲ್ಲಿ ಕಿರಿದಾಗುತ್ತದೆ, ಒಳಗೆ ಸುಣ್ಣದ ಕಲ್ಲು ಕೂರುತ್ತವೆ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿಕೊಂಡು ಡ್ರಿಪ್ ಪೈಪು ಬಂದ್ ಆಗುವುದನ್ನು ಕೋಲಾರದ ರೈತರಿಗೆ ಹೇಳಿಕೊಡಬೇಕಾಗಿಲ್ಲ, ಇಲ್ಲೂ ಹೆಚ್ಚುಕಡಿಮೆ ಅದೇ. ಮುಂದೆ ದಾರಿ ಇಲ್ಲದ ರಸ ಹಿಂದೆ ನಿಲ್ಲುತ್ತದೆ, ಒತ್ತಡ ಏರುತ್ತದೆ, ನಾಳ ಉಬ್ಬುತ್ತದೆ. ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುವ, ಮುಂದಕ್ಕೆ ಬಾಗಿ ಕೂತರೆ ಒಂಚೂರು ಕಮ್ಮಿಯಾಗುವ ಆ ನೋವಿಗೆ ಈ ಒತ್ತಡ ಒಂದು ಮುಖ್ಯ ಕಾರಣ. ಆದರೆ ಅದೊಂದೇ ಅಲ್ಲ. ಗ್ರಂಥಿಯ ನರಗಳೇ ಉರಿಯೂತದಿಂದ ಕೆಟ್ಟಿರುತ್ತವೆ. ಅದಕ್ಕೇ ಒತ್ತಡ ಇಳಿಸಿದರೂ ಕೆಲವರಿಗೆ ನೋವು ಪೂರ್ತಿ ಹೋಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಕಾಯಿಲೆ ಅಂದ ಕೂಡಲೇ "ಕುಡಿತ" ಅನ್ನುತ್ತಾರೆ. ಕುಡಿತ ದೊಡ್ಡ ಕಾರಣ ಹೌದು, ಬೀಡಿ ಸಿಗರೇಟು ಕೂಡ. ಆದರೆ ಜೀವನದಲ್ಲಿ ಒಂದು ಹನಿ ಮುಟ್ಟದ ಹೆಣ್ಣುಮಕ್ಕಳಿಗೆ, ಶಾಲೆಗೆ ಹೋಗುವ ಮಕ್ಕಳಿಗೂ ಇದು ಬರುತ್ತದೆ. ಚಿಕ್ಕ ವಯಸ್ಸಿಗೇ ಪ್ಯಾಂಕ್ರಿಯಾಸಿನಲ್ಲಿ ದೊಡ್ಡ ದೊಡ್ಡ ಕಲ್ಲು, ಆಮೇಲೆ ಸಕ್ಕರೆ ಕಾಯಿಲೆ ಬರುವ ಒಂದು ಬಗೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಬಹಳ ಹಿಂದಿನಿಂದ ಗೊತ್ತಿರುವುದು. ಕೆಲವರಿಗೆ ಜೀನ್ ಕಾರಣ, ಕೆಲವರಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಅಥವಾ ಟ್ರೈಗ್ಲಿಸರೈಡ್ ಜಾಸ್ತಿ. ಮನೆಯಲ್ಲಿ ಯಾರಿಗಾದರೂ ಬಂದಿದ್ದರೆ ಸುಮ್ನೆ ಅನುಮಾನದ ಕಣ್ಣಿನಿಂದ ನೋಡಬೇಡಿ.

2. ಸ್ಕ್ಯಾನ್ ರಿಪೋರ್ಟ್ ಓದಲು ಕಲಿಯಿರಿ, ಎಲ್ಲ ನಿಂತಿರುವುದು ಇದರ ಮೇಲೆ

ನಮ್ಮ ಕಡೆ ಈ ನೋವಿಗೆ ಮೊದಲ ಹೆಸರು ಗ್ಯಾಸ್ಟ್ರಿಕ್. ಒಂದೆರಡು ವರ್ಷ ಗ್ಯಾಸ್ ಮಾತ್ರೆಯಲ್ಲೇ ಕಳೆಯುತ್ತದೆ. ಆಮೇಲೆ ಒಂದು ಅಲ್ಟ್ರಾಸೌಂಡ್ ಆಗುತ್ತದೆ, "ನಾರ್ಮಲ್" ಅಂತ ಬರುತ್ತದೆ, ಮತ್ತೆ ಗ್ಯಾಸ್ ಮಾತ್ರೆ. ಹೊಟ್ಟೆಯಲ್ಲಿ ಗಾಳಿ ಇದ್ದರೆ ಅಲ್ಟ್ರಾಸೌಂಡಿನಲ್ಲಿ ಪ್ಯಾಂಕ್ರಿಯಾಸ್ ಸರಿಯಾಗಿ ಕಾಣುವುದೇ ಇಲ್ಲ. ನೋವು ಬೆನ್ನಿಗೆ ಹೊಡೆಯುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಅಲ್ಟ್ರಾಸೌಂಡ್ ನಾರ್ಮಲ್ ಅಂತ ಸುಮ್ಮನಾಗಬೇಡಿ.

ಆಪರೇಷನ್ ತೀರ್ಮಾನಕ್ಕೆ ಬೇಕಾಗುವುದು ಸಾಮಾನ್ಯವಾಗಿ ಎರಡು ಸ್ಕ್ಯಾನ್. ಒಂದು, ಔಷಧಿ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್. ಕಲ್ಲು, ಗಡ್ಡೆ, ರಕ್ತನಾಳ ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಇನ್ನೊಂದು ಎಂಆರ್‌ಸಿಪಿ, ಅಂದರೆ ಎಂಆರ್‌ಐ ಯಂತ್ರದಲ್ಲೇ ತೆಗೆಯುವ ನಾಳಗಳ ಚಿತ್ರ. ನಾಳ ಎಲ್ಲಿ ಉಬ್ಬಿದೆ, ಎಲ್ಲಿ ಕಿರಿದಾಗಿದೆ ಅನ್ನುವುದಕ್ಕೆ ಇದು. ಅನುಮಾನ ಉಳಿದರೆ ಬಾಯಿಯ ಮೂಲಕ ಕೊಳವೆ ಬಿಟ್ಟು ಒಳಗಿಂದಲೇ ಮಾಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಹೇಳುತ್ತಾರೆ. ಸಿಟಿಗೆ ಮುಂಚೆ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.

ರಿಪೋರ್ಟ್ ಕೈಗೆ ಬಂದ ಮೇಲೆ ಈ ವಿಷಯ ಹುಡುಕಿ. ಅರ್ಥವಾಗದಿದ್ದರೆ ಡಾಕ್ಟರ್ ಹತ್ತಿರ ಹೆಸರು ಹಿಡಿದೇ ಕೇಳಿ.

ನಾಳ ಎಷ್ಟು ಅಗಲ? ರಿಪೋರ್ಟಿನಲ್ಲಿ ಎಂಪಿಡಿ ಅಂತ ಬರೆದಿರುತ್ತಾರೆ, ಪಕ್ಕದಲ್ಲಿ ಎಂಎಂ ಲೆಕ್ಕ. ಆರೋಗ್ಯವಂತರಲ್ಲಿ ಇದು 3 ಎಂಎಂ ಆಸುಪಾಸು. ಡ್ರೈನೇಜ್ ಆಪರೇಷನ್ನಿಗೆ ಕನಿಷ್ಠ 5 ಎಂಎಂ, ಹಲವು ಸರ್ಜನ್‌ಗಳ ಲೆಕ್ಕದಲ್ಲಿ 7 ಎಂಎಂ ಆದರೂ ಉಬ್ಬಿರಬೇಕು. ನಾಳ ಉಬ್ಬಿಲ್ಲದೆ ಇದ್ದರೆ ತೆರೆದು ಹೊಲಿಯಲು ಏನೂ ಸಿಗುವುದಿಲ್ಲ, ನೋವಿಗೂ ಪ್ರಯೋಜನ ಕಮ್ಮಿ. ನಿಮ್ಮ ಪರಿಚಯದವರಿಗೆ ಆಪರೇಷನ್ ಮಾಡಿದರು, ನಿಮಗೆ ಬೇಡ ಅಂದರು ಅಂದರೆ ಬಹಳ ಸಲ ಕಾರಣ ಈ ಒಂದು ಅಳತೆ.

ಗ್ರಂಥಿಯ ತಲೆ ಭಾಗ ಹೇಗಿದೆ? ಬಲಗಡೆ ಇರುವ ದಪ್ಪ ಭಾಗಕ್ಕೆ ಹೆಡ್ ಅನ್ನುತ್ತಾರೆ. ಅದು ದಪ್ಪವಾಗಿ ಊದಿದ್ದರೆ, ಅಲ್ಲೇ ಕಲ್ಲು ತುಂಬಿದ್ದರೆ, ಬರೀ ನಾಳ ತೆರೆದರೆ ಸಾಕಾಗುವುದಿಲ್ಲ. ಆ ಭಾಗವನ್ನೂ ಸ್ವಲ್ಪ ತೋಡಿ ತೆಗೆಯಬೇಕಾಗುತ್ತದೆ.

ಪಕ್ಕದಲ್ಲಿ ಏನಾಗಿದೆ? ಪಿತ್ತನಾಳ ಒತ್ತಿಕೊಂಡು ಕಾಮಾಲೆ ಬಂದಿದೆಯಾ, ನೀರಿನ ಗುಳ್ಳೆ ಇದೆಯಾ, ಗುಲ್ಮದಿಂದ (ಸ್ಪ್ಲೀನ್) ಬರುವ ರಕ್ತನಾಳ ಹೆಪ್ಪುಗಟ್ಟಿದೆಯಾ. ಕೊನೆಯದು ಇದ್ದರೆ ಆಪರೇಷನ್ ವೇಳೆ ರಕ್ತಸ್ರಾವದ ಅಪಾಯ ಜಾಸ್ತಿ, ಸರ್ಜನ್ ಮುಂಚೆಯೇ ತಯಾರಿ ಮಾಡಿಕೊಳ್ಳುತ್ತಾರೆ.

ಗಡ್ಡೆಯ ಅನುಮಾನ ಇದೆಯಾ? ಬಹುಕಾಲದ ಪ್ಯಾಂಕ್ರಿಯಾಟೈಟಿಸ್ ಇರುವವರಿಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಊದಿದ ಹೆಡ್ ಬರೀ ಉರಿಯೂತವೋ ಕ್ಯಾನ್ಸರೋ ಅನ್ನುವುದು ಸ್ಕ್ಯಾನಿನಲ್ಲಿ ಕೆಲವೊಮ್ಮೆ ಸ್ಪಷ್ಟವಾಗುವುದಿಲ್ಲ. ಅನುಮಾನ ಬಲವಾಗಿದ್ದರೆ ಮಾಡಬೇಕಾದ ಆಪರೇಷನ್ನೇ ಬೇರೆ. ಆದ್ದರಿಂದ "ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಇದೆಯಾ ಸಾರ್?" ಅಂತ ನೇರವಾಗಿ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ.

ಎಡವಟ್ಟಾಗುವುದು ಇಲ್ಲಿ: ರಿಪೋರ್ಟ್ ಹಾಳೆ ಮಾತ್ರ ತರುತ್ತಾರೆ, ಸಿಡಿ ಸ್ಕ್ಯಾನ್ ಸೆಂಟರಿನಲ್ಲೇ ಬಿಟ್ಟು ಬರುತ್ತಾರೆ. ಸರ್ಜನ್ ನೋಡುವುದು ಚಿತ್ರವನ್ನು. ಸಿಡಿ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಮತ್ತೆ ಅದೇ ಸ್ಕ್ಯಾನ್, ಮತ್ತೆ ಅದೇ ದುಡ್ಡು.

3. ಮೊದಲು ಎಂಡೋಸ್ಕೋಪಿಯಾ, ನೇರ ಆಪರೇಷನ್ನಾ?

ಬಾಯಿಯಿಂದ ಎಂಡೋಸ್ಕೋಪ್ ಬಿಟ್ಟು ನಾಳದ ಬಾಯಿ ಅಗಲ ಮಾಡಿ, ಸಿಕ್ಕ ಕಲ್ಲು ತೆಗೆದು, ಪ್ಲಾಸ್ಟಿಕ್ ಸ್ಟೆಂಟ್ ಇಡುವುದಕ್ಕೆ ಇಆರ್‌ಸಿಪಿ ಅನ್ನುತ್ತಾರೆ. ಕಲ್ಲು ದೊಡ್ಡದಿದ್ದರೆ ಮೊದಲು ಹೊರಗಿನಿಂದ ತರಂಗ ಹಾಯಿಸಿ ಪುಡಿ ಮಾಡುತ್ತಾರೆ. ಕಿಡ್ನಿ ಕಲ್ಲಿಗೆ ಮಾಡುವಂಥದ್ದೇ, ಲಿಥೊಟ್ರಿಪ್ಸಿ ಅಂತ ಹೆಸರು. ಹೊಟ್ಟೆ ಕೊಯ್ಯುವುದಿಲ್ಲ, ಬೇಗ ಮನೆಗೆ ಬರಬಹುದು. ಅದಕ್ಕೇ ಎಲ್ಲರಿಗೂ ಇದೇ ಇಷ್ಟ. ಕಲ್ಲು ಕಡಿಮೆ ಇದ್ದು, ಹೆಡ್ ಭಾಗದಲ್ಲೇ ಇದ್ದು, ಪೂರ್ತಿ ತೆಗೆಯಲು ಸಾಧ್ಯವಾದವರಿಗೆ ಇದರಿಂದಲೇ ಒಳ್ಳೆಯ ಆರಾಮ ಸಿಗುತ್ತದೆ. ಅಂಥವರು ಆಪರೇಷನ್ನಿಗೆ ಓಡಬೇಕಾಗಿಲ್ಲ.

ತೊಂದರೆ ಇರುವುದು ಉಳಿದವರದು. ಸ್ಟೆಂಟ್ ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ಬದಲಾಯಿಸಬೇಕು. ಮತ್ತೆ ಕಟ್ಟಿಕೊಳ್ಳುತ್ತದೆ, ಮತ್ತೆ ಬದಲಾಯಿಸಬೇಕು. ಪ್ರತಿ ಸಲ ಸ್ವಲ್ಪ ದಿನ ಆರಾಮ, ಆಮೇಲೆ ಟ್ರಮಡಾಲ್ ಚೀಟಿ ಹಿಡಿದು ನಮ್ಮ ಅಂಗಡಿಗೆ. ಇದು ವರ್ಷಗಟ್ಟಲೆ ನಡೆಯುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಳ ಉಬ್ಬಿದ್ದ 39 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಎಂಡೋಸ್ಕೋಪಿ, ಉಳಿದವರಿಗೆ ಡ್ರೈನೇಜ್ ಆಪರೇಷನ್. ಎರಡು ವರ್ಷದ ಕೊನೆಗೆ ನೋವು ಪೂರ್ತಿಯೋ ಸ್ವಲ್ಪವೋ ಕಮ್ಮಿಯಾದವರು ಎಂಡೋಸ್ಕೋಪಿ ಗುಂಪಿನಲ್ಲಿ ಶೇ 32, ಆಪರೇಷನ್ ಗುಂಪಿನಲ್ಲಿ ಶೇ 75. 2020ರಲ್ಲಿ 88 ರೋಗಿಗಳ ಇನ್ನೊಂದು ಅಧ್ಯಯನ ಬಂತು. ಅದರಲ್ಲೂ ಬೇಗನೆ ಆಪರೇಷನ್ ಆದವರಿಗೆ ಒಂದೂವರೆ ವರ್ಷದ ಲೆಕ್ಕದಲ್ಲಿ ನೋವು ಕಮ್ಮಿ ಇತ್ತು. ಸಣ್ಣ ಅಧ್ಯಯನಗಳೇ, ಆದರೂ ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ.

ತಡವಾದರೆ ಯಾಕೆ ಲಾಭ ಕಮ್ಮಿ? ವರ್ಷಗಟ್ಟಲೆ ನೋವು ಅನುಭವಿಸಿದ ನರಮಂಡಲ ಕಾರಣ ಹೋದ ಮೇಲೂ ನೋವನ್ನು ಹಿಡಿದುಕೊಂಡೇ ಇರುತ್ತದೆ. ನೋವು ಶುರುವಾಗಿ ಮೂರು ವರ್ಷದೊಳಗೆ, ಟ್ರಮಡಾಲ್ ಮಾರ್ಫಿನ್ ಜಾತಿಯ ಮಾತ್ರೆಗೆ ದೇಹ ಒಗ್ಗಿಹೋಗುವ ಮುಂಚೆ, ಐದಕ್ಕಿಂತ ಹೆಚ್ಚು ಎಂಡೋಸ್ಕೋಪಿ ಆಗುವ ಮುಂಚೆ ಆಪರೇಷನ್ ಆದವರಿಗೆ ಹೆಚ್ಚು ಲಾಭ ಅನ್ನುವುದು ಗಮನಕ್ಕೆ ಬಂದಿದೆ. ಹಾಗಂತ ಐದು ವರ್ಷ ದಾಟಿದವರಿಗೆ ಬಾಗಿಲು ಮುಚ್ಚಿಹೋಯಿತು ಅಂತಲ್ಲ, ನಿರೀಕ್ಷೆ ಸ್ವಲ್ಪ ಕಮ್ಮಿ ಇಟ್ಟುಕೊಳ್ಳಬೇಕು ಅಷ್ಟೇ.

ನನ್ನ ಸಲಹೆ ಇಷ್ಟು. ಎರಡನೇ ಸ್ಟೆಂಟ್ ಬದಲಾವಣೆಗೆ ಕರೆದಾಗಲೇ ಒಬ್ಬ ಸರ್ಜನ್ ಅಭಿಪ್ರಾಯವನ್ನೂ ಕೇಳಿ. ಗ್ಯಾಸ್ಟ್ರೋದಲ್ಲಿ ಎರಡು ವಿಭಾಗ ಇರುತ್ತವೆ: ಎಂಡೋಸ್ಕೋಪಿ ಮಾಡುವ ಮೆಡಿಕಲ್ ಗ್ಯಾಸ್ಟ್ರೋಎಂಟರಾಲಜಿ, ಆಪರೇಷನ್ ಮಾಡುವ ಸರ್ಜಿಕಲ್ ಗ್ಯಾಸ್ಟ್ರೋಎಂಟರಾಲಜಿ. ನೀವು ಒಂದೇ ಕಡೆ ತೋರಿಸಿದರೆ ಒಂದೇ ಉತ್ತರ ಸಿಗುತ್ತದೆ. ಇಬ್ಬರೂ ಒಟ್ಟಿಗೆ ಕೂತು ರಿಪೋರ್ಟ್ ನೋಡುವ ಆಸ್ಪತ್ರೆಯಾದರೆ ಇನ್ನೂ ಒಳ್ಳೆಯದು. ನರಕ್ಕೆ ಇಂಜೆಕ್ಷನ್ ಕೊಟ್ಟು ನೋವು ತಡೆಯುವ ವಿಧಾನವೂ ಇದೆ, ಆದರೆ ಅದರ ಆರಾಮ ಕೆಲವು ತಿಂಗಳದ್ದು.

4. ಯಾವ ಆಪರೇಷನ್ ಅಂತ ಹೆಸರು ಕೇಳಿಕೊಳ್ಳಿ

ಡ್ರೈನೇಜ್ ಅಂದ ಕೂಡಲೇ ಹೊಟ್ಟೆಗೆ ಶಾಶ್ವತವಾಗಿ ಪೈಪು, ಪಕ್ಕದಲ್ಲಿ ಚೀಲ ಅಂತ ಹಲವರು ಹೆದರುತ್ತಾರೆ. ಹಾಗೇನೂ ಇಲ್ಲ. ರಸ ಹರಿಯುವುದು ಒಳಗಿಂದ ಒಳಗೇ.

ಮಾಡುವುದು ಹೀಗೆ. ಗ್ರಂಥಿಯ ಮುಂಭಾಗದಿಂದ ಉಬ್ಬಿದ ನಾಳವನ್ನು ಉದ್ದಕ್ಕೂ ಸೀಳಿ ತೆರೆಯುತ್ತಾರೆ. ಒಳಗಿನ ಕಲ್ಲುಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಆಮೇಲೆ ಸಣ್ಣ ಕರುಳನ್ನು ಒಂದು ಕಡೆ ಕತ್ತರಿಸಿ, ಕೆಳಗಿನ ತುದಿಯನ್ನು ಮೇಲಕ್ಕೆ ತಂದು, ತೆರೆದ ನಾಳದ ಅಂಚಿಗೆ ಉದ್ದಕ್ಕೂ ಹೊಲಿಯುತ್ತಾರೆ. ಕರುಳಿನ ಇನ್ನೊಂದು ತುದಿಯನ್ನು ಸ್ವಲ್ಪ ಕೆಳಗೆ ಸೇರಿಸುತ್ತಾರೆ, ಊಟ ಎಂದಿನ ದಾರಿಯಲ್ಲೇ ಹೋಗುತ್ತದೆ. ಇನ್ನು ಮೇಲೆ ರಸ ಬಂದ್ ಆದ ಹಳೇ ಬಾಯಿಗೆ ಕಾಯದೆ ನೇರ ಕರುಳಿಗೆ ಬೀಳುತ್ತದೆ. ಇದನ್ನು 1958ರಲ್ಲಿ ಪ್ಯೂಸ್ಟೊ ಮತ್ತು ಗಿಲ್ಲೆಸ್ಬಿ ವಿವರಿಸಿದರು, 1960ರಲ್ಲಿ ಪಾರ್ಟಿಂಗ್ಟನ್ ಮತ್ತು ರೊಷೆಲ್ ಈಗ ಮಾಡುವ ರೂಪಕ್ಕೆ ತಂದರು. ಕಾಗದದಲ್ಲಿ ಎಲ್‌ಪಿಜೆ ಅಂತಲೋ ಪ್ಯೂಸ್ಟೊ ಅಂತಲೋ ಬರೆದಿರುತ್ತಾರೆ.

ಹೆಡ್ ಊದಿದ್ದರೆ ಮಾಡುವುದು ಫ್ರೇ ಆಪರೇಷನ್, 1987ರಿಂದ ಬಂದದ್ದು. ನಾಳ ತೆರೆಯುವುದರ ಜೊತೆಗೆ ಹೆಡ್ ಭಾಗದ ಗಟ್ಟಿಯಾದ ಮಾಂಸವನ್ನೂ ತೋಡಿ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ಕಲ್ಲು ಹೆಡ್ಡಿನಲ್ಲಿ ತುಂಬಿಕೊಂಡಿರುವವರು ಬಹಳ, ಹಾಗಾಗಿ ಈ ಹೆಸರು ಹೆಚ್ಚು ಕೇಳಿಬರುತ್ತದೆ. ಬೆಗರ್, ವಿಪಲ್ ಅಂತ ಇನ್ನೂ ದೊಡ್ಡವು ಇವೆ, ಅವು ಹೆಡ್ ಭಾಗವನ್ನೇ ತೆಗೆಯುವ ಆಪರೇಷನ್. ಕೆಲವು ಕೇಂದ್ರಗಳಲ್ಲಿ ಲ್ಯಾಪರೊಸ್ಕೋಪಿಯಲ್ಲೂ ಡ್ರೈನೇಜ್ ಮಾಡುತ್ತಾರೆ. ಗಾಯ ಚಿಕ್ಕದು ಹೌದು, ಆದರೆ ಎಲ್ಲರಿಗೂ ಹೊಂದುವುದಿಲ್ಲ. ಗಾಯದ ಅಳತೆಗಿಂತ ಸರ್ಜನ್‌ಗೆ ಇದು ಎಷ್ಟು ರೂಢಿ ಇದೆ ಅನ್ನುವುದು ಮುಖ್ಯ. ವರ್ಷಕ್ಕೆ ಎಷ್ಟು ಪ್ಯಾಂಕ್ರಿಯಾಸ್ ಆಪರೇಷನ್ ಮಾಡುತ್ತೀರಿ ಅಂತ ಕೇಳಲು ಸಂಕೋಚ ಬೇಡ.

ಫಲ ಎಷ್ಟು? ಬೇರೆಬೇರೆ ಅಧ್ಯಯನ ಒಟ್ಟು ಹಾಕಿ ನೋಡಿದರೆ ಹತ್ತರಲ್ಲಿ ಏಳೆಂಟು ಜನರಿಗೆ ನೋವು ಹೋಗುತ್ತದೆ ಅಥವಾ ಚೆನ್ನಾಗಿ ಇಳಿಯುತ್ತದೆ. ವರ್ಷಗಳು ಕಳೆದಂತೆ ಕೆಲವರಿಗೆ ಮರಳುತ್ತದೆ, ಕುಡಿತ ಬೀಡಿ ಬಿಡದವರಿಗೆ ಹೆಚ್ಚಾಗಿ. ಅಪಾಯಗಳೂ ಇವೆ: ಹೊಲಿಗೆಯಿಂದ ಸೋರುವುದು, ರಕ್ತಸ್ರಾವ, ಸೋಂಕು, ಕೆಲವು ದಿನ ಜಠರ ಖಾಲಿಯಾಗದೆ ವಾಂತಿ. ಜೀವಕ್ಕೆ ಅಪಾಯ ಅನುಭವ ಇರುವ ಕಡೆ ಬಹಳ ಕಮ್ಮಿ, ಆದರೆ ಇಲ್ಲವೇ ಇಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ.

5. ಕಾಗದಪತ್ರ ಮತ್ತು ದುಡ್ಡು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಜಿಲ್ಲಾ ಮಟ್ಟದ ಆಸ್ಪತ್ರೆ ಇದೆ, ಮೆಡಿಕಲ್ ಕಾಲೇಜು ಇವೆ. ಪರೀಕ್ಷೆ, ಸಕ್ಕರೆ ಹತೋಟಿ, ಆಪರೇಷನ್ ಆದಮೇಲಿನ ಸಣ್ಣಪುಟ್ಟ ನಿಗಾ ಇಲ್ಲೇ ಆಗುತ್ತದೆ. ಆಪರೇಷನ್ನಿಗೆ ಮಾತ್ರ ಹೆಚ್ಚಿನವರು ಬೆಂಗಳೂರಿಗೇ ಹೋಗಬೇಕು. ಸರ್ಕಾರಿ ಕಡೆ ಹೇಳುವುದಾದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ, ಕರುಳು, ಲಿವರ್, ಪ್ಯಾಂಕ್ರಿಯಾಸ್ ಕಾಯಿಲೆಗಳಿಗೆ ಅಂತಲೇ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿ, ಉಳಿದದ್ದು ಕೈಯಿಂದ. ಇಲ್ಲಿ ನೆನಪಿಡಬೇಕಾದ ಮುಖ್ಯ ವಿಷಯ ರೆಫರಲ್. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ "ಇಲ್ಲಿ ಈ ಸೌಲಭ್ಯ ಇಲ್ಲ" ಅಂತ ರೆಫರಲ್ ಚೀಟಿ ಬೇಕು. ಜನ ಮಾಡುವುದು ಉಲ್ಟಾ. ಮೊದಲು ಖಾಸಗಿಯಲ್ಲಿ ಅಡ್ಮಿಟ್ ಆಗುತ್ತಾರೆ, ಆಮೇಲೆ ಚೀಟಿಗೆ ಅಂತ ಮಗನನ್ನು ಊರಿಗೆ ಓಡಿಸುತ್ತಾರೆ. ಕ್ರಮ ಹೀಗಿರಲಿ: ರಿಪೋರ್ಟ್ ಹಿಡಿದು ಜಿಲ್ಲಾಸ್ಪತ್ರೆ, ಅಲ್ಲಿ ಚೀಟಿ, ಆಮೇಲೆ ಯೋಜನೆಯಲ್ಲಿರುವ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರ, ಅವರ ಮೂಲಕ ಮಂಜೂರಾತಿ, ಕೊನೆಗೆ ಅಡ್ಮಿಷನ್.

ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು ಇದ್ದರೆ ಕಂಪ್ಯೂಟರ್ ಮುಂದೆ ತಕರಾರು ಶುರುವಾಗುತ್ತದೆ. ಹಾಲಿನ ಡೇರಿ ಅಥವಾ ಸಹಕಾರ ಸಂಘದ ಸದಸ್ಯರು ತಮ್ಮ ಆರೋಗ್ಯ ಯೋಜನೆಯಾದ ಯಶಸ್ವಿನಿಯ ಕಾರ್ಡ್ ಆ ವರ್ಷಕ್ಕೆ ನವೀಕರಣ ಆಗಿದೆಯಾ ಅಂತ ಸಂಘದಲ್ಲಿ ಕೇಳಿ. ನರಸಾಪುರ, ವೇಮಗಲ್, ಮಾಲೂರು, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಇಎಸ್‌ಐ ಇರುವವರು ಆ ದಾರಿ ಹಿಡಿಯಿರಿ, ಅದಕ್ಕೆ ರೆಫರಲ್ ಇಎಸ್‌ಐ ಆಸ್ಪತ್ರೆಯಿಂದಲೇ ಆಗಬೇಕು.

6. ಅಡ್ಮಿಟ್ ಆಗುವ ಮುಂಚಿನ ವಾರಗಳು

ದಿನ ಸಿಕ್ಕಾಗ ಸುಮ್ಮನೆ ಕಾಯಬೇಡಿ. ಈ ಕಾಯಿಲೆಯವರು ತಿನ್ನಲು ಹೆದರಿ ಹೆದರಿ ಸೊರಗಿರುತ್ತಾರೆ. ಸೊರಗಿದ ದೇಹದಲ್ಲಿ ಹೊಲಿಗೆ ಕೂಡುವುದು ನಿಧಾನ. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ ತಿನ್ನಿ. ಮೊಟ್ಟೆ, ಹೆಸರುಬೇಳೆ, ಮೊಸರು, ಮೀನು, ಯಾವುದು ಒಗ್ಗುತ್ತದೋ ಅದು. ಎಣ್ಣೆ ತುಪ್ಪ ಪೂರ್ತಿ ನಿಲ್ಲಿಸಿ ಅನ್ನುವುದು ಹಳೇ ಮಾತು. ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಸರಿಯಾಗಿ ತೆಗೆದುಕೊಂಡರೆ ಮಿತವಾದ ಕೊಬ್ಬು ಬೇಕು.

ಬೀಡಿ ಸಿಗರೇಟು ಇವತ್ತೇ ನಿಲ್ಲಿಸಿ. ಕುಡಿತ ಕೂಡ, ಆದರೆ ದಿನಾ ಕುಡಿಯುವವರು ಡಾಕ್ಟರಿಗೆ ಹೇಳದೆ ಒಮ್ಮೆಲೇ ಬಿಡಬೇಡಿ. ನಡುಕ, ಫಿಟ್ಸ್, ಬುದ್ಧಿ ಭ್ರಮೆ ಬರಬಹುದು, ಅದು ಜೀವಕ್ಕೇ ಅಪಾಯ. ಎಷ್ಟು ಕುಡಿಯುತ್ತೀರಿ ಅಂತ ಅರಿವಳಿಕೆ ಡಾಕ್ಟರ್ ಕೇಳಿದಾಗ ಹೆಂಡತಿ ಮುಂದೆ ಅಂತ ಸುಳ್ಳು ಹೇಳಿಬಿಟ್ಟರೆ ಕಷ್ಟವಾಗುವುದು ನಿಮಗೇ. ನೋವಿನ ಮಾತ್ರೆಯದ್ದೂ ಇದೇ ಕಥೆ. ಚೀಟಿಯಲ್ಲಿ ದಿನಕ್ಕೆ ಎರಡು ಇದ್ದು ನೀವು ಆರು ನುಂಗುತ್ತಿದ್ದರೆ ಆರು ಅಂತಲೇ ಹೇಳಿ. ಇಲ್ಲದಿದ್ದರೆ ಆಪರೇಷನ್ ಆದ ರಾತ್ರಿ ಅವರು ಕೊಡುವ ಡೋಸ್ ನಿಮಗೆ ನಾಟುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ಎಂದಿನಿಂದ ನಿಲ್ಲಿಸಬೇಕು ಅಂತ ಕೇಳಿ. ಗುಲ್ಮ ತೆಗೆಯುವ ಸಾಧ್ಯತೆ ಇದೆ ಅಂದರೆ ಅದಕ್ಕೆ ಮುಂಚೆ ಹಾಕಿಸಬೇಕಾದ ಲಸಿಕೆಗಳಿವೆ, ನ್ಯುಮೊಕಾಕಲ್ ಮೊದಲಾದವು.

7. ಆಸ್ಪತ್ರೆಯಲ್ಲಿ

ಆಪರೇಷನ್ ಹಲವು ಗಂಟೆ ಹಿಡಿಯುತ್ತದೆ, ಹೊರಗೆ ಕೂತವರು ಗಾಬರಿಯಾಗಬೇಡಿ. ಎದ್ದಾಗ ಮೂಗಿಗೆ ಒಂದು ಕೊಳವೆ, ಮೂತ್ರಕ್ಕೆ ಒಂದು, ಹೊಟ್ಟೆಯ ಪಕ್ಕದಲ್ಲಿ ಒಂದೋ ಎರಡೋ ಡ್ರೈನ್ ಪೈಪು ಇರುತ್ತವೆ. ಇವೆಲ್ಲ ತಾತ್ಕಾಲಿಕ. ಡ್ರೈನಿನಲ್ಲಿ ಬರುವ ನೀರನ್ನು ಅಮೈಲೇಸ್ ಪರೀಕ್ಷೆಗೆ ಕಳಿಸುತ್ತಾರೆ. ಅದು ಜಾಸ್ತಿ ಬಂದರೆ ಹೊಲಿಗೆಯಿಂದ ರಸ ಸೋರುತ್ತಿದೆ ಅಂತ, ಪೈಪು ಇನ್ನೂ ಕೆಲವು ದಿನ ಬಿಡುತ್ತಾರೆ. ಮಾರನೇ ದಿನವೇ ಎಬ್ಬಿಸಿ ಕೂರಿಸುತ್ತಾರೆ, ನಡೆಸುತ್ತಾರೆ. ಉಸಿರಿನ ಚೆಂಡಾಟದ ಯಂತ್ರ ಕೊಟ್ಟರೆ ಆಟಿಕೆ ಅಂತ ಪಕ್ಕಕ್ಕಿಡಬೇಡಿ, ನ್ಯುಮೋನಿಯಾ ತಪ್ಪಿಸುವುದೇ ಅದು. ಎಲ್ಲ ಸರಿ ಹೋದರೆ ಒಂದು ವಾರ ಹತ್ತು ದಿನದಲ್ಲಿ ಮನೆ.

ಗಾಯದ ನೋವು ಬೇರೆ, ಹಳೇ ನೋವು ಬೇರೆ. ಮೊದಲ ವಾರ ಎರಡನ್ನೂ ಕಲಸಿಕೊಂಡು "ಆಪರೇಷನ್ ಫೇಲ್" ಅನ್ನುವವರಿದ್ದಾರೆ. ಕೆಲವು ವಾರ ಬಿಟ್ಟು ಲೆಕ್ಕ ಹಾಕಿ.

8. ಮನೆಗೆ ಬಂದ ಮೇಲೆ

ಇಲ್ಲಿ ನನ್ನ ಕೌಂಟರಿಗೆ ಸೇರಿದ ವಿಷಯ, ಕ್ಯಾಪ್ಸೂಲು. ಆಪರೇಷನ್ ಆಯಿತಲ್ಲ, ಇನ್ಯಾಕೆ ಅಂತ ಅದನ್ನು ನಿಲ್ಲಿಸುವವರು ಬಹಳ. ರಸಕ್ಕೆ ದಾರಿ ಆಗಿದೆ, ಆದರೆ ರಸ ತಯಾರಿಸುವ ಗ್ರಂಥಿಯೇ ಸೊರಗಿದೆಯಲ್ಲ! ಮಲ ಎಣ್ಣೆ ಎಣ್ಣೆಯಾಗಿ, ಗಬ್ಬು ವಾಸನೆ ಬಂದು, ನೀರು ಹಾಕಿದರೂ ತೇಲುತ್ತಿದ್ದರೆ ನಿಮಗೆ ಕ್ಯಾಪ್ಸೂಲ್ ಸಾಲುತ್ತಿಲ್ಲ ಅಂತ ಅರ್ಥ. ದೊಡ್ಡವರಿಗೆ ಒಂದು ಮುಖ್ಯ ಊಟಕ್ಕೆ 40 ರಿಂದ 50 ಸಾವಿರ ಯೂನಿಟ್‌ನಿಂದ ಶುರು ಮಾಡುವುದು ವಾಡಿಕೆ. ಡಬ್ಬಿಯ ಮೇಲೆ 10,000, 25,000 ಅಂತ ಬರೆದಿರುತ್ತದೆ, ಹೆಸರು ಒಂದೇ ಇದ್ದರೂ ಈ ಸಂಖ್ಯೆ ನೋಡಿ ತೆಗೆದುಕೊಳ್ಳಿ.

ಅದು ಹೋಗಬೇಕಾದದ್ದು ಊಟದ ಜೊತೆ. ಮೊದಲ ತುತ್ತಿಗೆ ಒಂದು, ಊಟದ ಮಧ್ಯೆ ಇನ್ನೊಂದು. ಬರೀ ಹೊಟ್ಟೆಗೆ ನುಂಗಿದರೆ ದುಡ್ಡು ದಂಡ. ನಮ್ಮ ಕಡೆ ಮುದ್ದೆ ಊಟ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ, ಹಾಗಾಗಿ ಎರಡನೇ ಕ್ಯಾಪ್ಸೂಲನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಕೂರಿ. ಒಳಗಿನ ಕಾಳನ್ನು ಅಗಿಯಬೇಡಿ, ಬಿಸಿ ಸಾರಿಗೆ ಬೆರೆಸಬೇಡಿ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಬಿಡಬೇಡಿ, ಬಿಸಿಗೆ ಅದರ ಶಕ್ತಿ ಹೋಗುತ್ತದೆ. ಮತ್ತೆ ಇದು ಹಂದಿಯ ಪ್ಯಾಂಕ್ರಿಯಾಸಿನಿಂದ ತಯಾರಾಗುವ ಔಷಧಿ. ಧರ್ಮ, ಆಚಾರದ ಕಾರಣಕ್ಕೆ ತೊಂದರೆ ಅನಿಸಿದರೆ ಗುಟ್ಟಾಗಿ ನಿಲ್ಲಿಸುವ ಬದಲು ಡಾಕ್ಟರ್ ಹತ್ತಿರ ಮಾತಾಡಿ.

ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಎಚ್ಚರಿಕೆ. ಪ್ಯಾಂಕ್ರಿಯಾಸ್ ಕೆಟ್ಟು ಬರುವ ಸಕ್ಕರೆ ಕಾಯಿಲೆ ಪಕ್ಕದ ಮನೆಯವರದ್ದಕ್ಕಿಂತ ಬೇರೆ. ಸಕ್ಕರೆ ಇಳಿಸುವ ಇನ್ಸುಲಿನ್ ಜೊತೆಗೆ ಏರಿಸುವ ಹಾರ್ಮೋನೂ ಕಮ್ಮಿ ಇರುತ್ತದೆ, ಆದ್ದರಿಂದ ಇನ್ಸುಲಿನ್ ಹಾಕಿಕೊಂಡು ಊಟ ಬಿಟ್ಟರೆ ಸಕ್ಕರೆ ಧಡಕ್ಕನೆ ಬೀಳುತ್ತದೆ. ಜೇಬಿನಲ್ಲಿ ಸಕ್ಕರೆಯೋ ಗ್ಲುಕೋಸ್ ಪುಡಿಯೋ ಇರಲಿ. ಇಲ್ಲಿವರೆಗೆ ಸಕ್ಕರೆ ಕಾಯಿಲೆ ಇಲ್ಲದವರೂ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿ.

ಟ್ರಮಡಾಲ್ ಅನ್ನು ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಹಾಗೆ ಮೆಲ್ಲಗೆ ಇಳಿಸಿ. ಹಳೇ ಚೀಟಿ ತೋರಿಸಿ ಕೇಳಿದರೆ ನಾವು ಕೊಡುವುದಿಲ್ಲ, ಬೇಜಾರಾಗಬೇಡಿ, ಅದಕ್ಕೆ ಕಾನೂನೇ ಇದೆ.

ಜ್ವರ, ಗಾಯದಿಂದ ಕೀವು, ನಿಲ್ಲದ ವಾಂತಿ, ರಕ್ತ ವಾಂತಿ, ಕಪ್ಪು ಟಾರಿನಂಥ ಮಲ, ಕಣ್ಣು ಹಳದಿಯಾಗುವುದು, ಇವು ಕಂಡರೆ ಮುಂದಿನ ಓಪಿಡಿ ದಿನ ಅಂತ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ. ತಿಂಗಳುಗಳು ಆರಾಮಾಗಿದ್ದು ಆಮೇಲೆ ಹೊಸ ಥರದ ನೋವು ಬಂದು ತೂಕ ಇಳಿಯತೊಡಗಿದರೆ, ಹಳೇ ಕಾಯಿಲೆಯೇ ಮರಳಿತು ಅಂತ ನೀವೇ ತೀರ್ಮಾನ ಮಾಡದೆ ಹೊಸ ಸ್ಕ್ಯಾನ್ ಕೇಳಿ.

ಡಿಸ್ಚಾರ್ಜ್ ಸಮ್ಮರಿಯಲ್ಲಿ ಆಪರೇಷನ್ನಿನ ಪೂರ್ತಿ ಹೆಸರು ಇದೆಯಾ, ಗುಲ್ಮ ಇಟ್ಟಿದ್ದಾರಾ ತೆಗೆದಿದ್ದಾರಾ ಅಂತ ಬರೆದಿದೆಯಾ ಅಂತ ವಾರ್ಡ್ ಬಿಡುವ ಮುಂಚೆಯೇ ನೋಡಿ. ತೆಗೆದ ಮಾಂಸದ ಚೂರನ್ನು ಬಯಾಪ್ಸಿಗೆ ಕಳಿಸಿದ್ದರೆ ಆ ರಿಪೋರ್ಟ್ ನೀವು ಮನೆಗೆ ಬಂದ ಮೇಲೆ ಬರುತ್ತದೆ, ಯಾರೂ ಫೋನ್ ಮಾಡಿ ಹೇಳುವುದಿಲ್ಲ. ಹೊಲಿಗೆ ತೋರಿಸಲು ಹೋದ ದಿನ ಲ್ಯಾಬಿಗೂ ಹೋಗಿ ಅದನ್ನು ಇಸಿದುಕೊಂಡು, ಸರ್ಜನ್‌ಗೆ ತೋರಿಸಿಯೇ ಬಸ್ ಹತ್ತಿ.